ನಿಮ್ಮ ನೋವಿನ ಗುಳಿಗೆ ಬಂದ್ ಆಯಿತೇ? ಖಾಲಿ ಸ್ಟ್ರಿಪ್ ಹಿಡಿದು ಅಲೆಯುವ ಮೊದಲು

ಅಂಗಿ ಕಿಸೆಯಿಂದ ಮಡಚಿದ ಖಾಲಿ ಸ್ಟ್ರಿಪ್ ತೆಗೆದು ‘ಇದೇ ಬೇಕ್ರಿ, ಬ್ಯಾರೆ ಕೊಡಬ್ಯಾಡ್ರಿ’ ಎನ್ನುವವರನ್ನು ಕಲಬುರಗಿಯ ಔಷಧ ಅಂಗಡಿಯಲ್ಲಿ ನಿಂತು ವರ್ಷಗಟ್ಟಲೆ ನೋಡಿದ್ದೇನೆ. ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿದು ನಡ ಹಿಡಿದವರು, ತೊಗರಿ ಹೊಲದಲ್ಲಿ ಬಗ್ಗಿ ಬಗ್ಗಿ ಮಣಕಾಲು ಸವೆಸಿಕೊಂಡ ಹೆಣ್ಣುಮಕ್ಕಳು, ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದವರು. ಅವರ ನೋವು ಸುಳ್ಳಲ್ಲ. ಆ ಗುಳಿಗೆ ನುಂಗಿದ ರಾತ್ರಿ ಬಂದ ನಿದ್ದೆಯೂ ಸುಳ್ಳಲ್ಲ. ಆದರೆ ಗುಳಿಗೆ ನಿಂತಾಗ ಹಿಡಿಯುವ ದಾರಿ ತಪ್ಪುತ್ತದೆ: ಹತ್ತು ಅಂಗಡಿ ಸುತ್ತುತ್ತಾರೆ, ಆಮೇಲೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರ ಕೈಗೆ ದುಡ್ಡು ಕೊಟ್ಟು ಕಾಯುತ್ತಾರೆ.

ಮೊದಲ ಹೆಜ್ಜೆ: ದಪ್ಪಕ್ಷರದ ಹೆಸರು ಬಿಟ್ಟು ಅದರ ಕೆಳಗಿನ ಸಣ್ಣಕ್ಷರ ಓದಿಸಿ. ಕಂಪನಿ ಇಟ್ಟ ಹೆಸರು ಒಂದು, ಒಳಗಿನ ಔಷಧದ ಹೆಸರು ಇನ್ನೊಂದು. ಕಣ್ಣು ಕಾಣದಿದ್ದರೆ ಶಾಲೆಗೆ ಹೋಗುವ ಮೊಮ್ಮಗನಿಂದ ಓದಿಸಿ, ಮಿಲಿಗ್ರಾಂ ಸಮೇತ ಬರೆಸಿಕೊಳ್ಳಿ.

ಎರಡನೆಯದು: ‘ಬಂದ್’ ಎಂದರೆ ಯಾವ ಬಂದ್ ಎಂದು ತಿಳಿಯಿರಿ. ಕಂಪನಿ ತಾನೇ ತಯಾರಿಕೆ ಬಿಟ್ಟಿದ್ದರೆ ಚಿಂತೆಯಿಲ್ಲ, ಅದೇ ಔಷಧ ಬೇರೆ ಹೆಸರಿನಲ್ಲಿ, ಕೆಲವೊಮ್ಮೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಇರುತ್ತದೆ. ಒಂದು ಪ್ರಮಾಣ ಮಾತ್ರ ನಿಂತಿರಲೂಬಹುದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಮಿಶ್ರ ಔಷಧಗಳನ್ನು ನಿಷೇಧಿಸಿದಾಗ ಅಸೆಕ್ಲೊಫೆನಾಕ್-ಪ್ಯಾರಾಸಿಟಮಾಲ್ ಗುಳಿಗೆಯೇ ಹೋಯಿತೆಂದು ಜನ ಗಾಬರಿಯಾದರು. ಹೋದದ್ದು ಅಸೆಕ್ಲೊಫೆನಾಕ್ 50, ಪ್ಯಾರಾಸಿಟಮಾಲ್ 125 ಮಿಲಿಗ್ರಾಂ ಇದ್ದ ಬೆರಕೆ ಮಾತ್ರ. 2025ರ ಡಿಸೆಂಬರ್ ಕೊನೆಗೆ ನಿಂತದ್ದೂ ನಿಮೆಸುಲೈಡ್‌ನ 100 ಮಿಲಿಗ್ರಾಂ ಮೀರಿದ ಗುಳಿಗೆಗಳೇ. ಅನಾಲ್ಜಿನ್ ಅಂತೂ 2013ರಲ್ಲಿ ನಿಂತು 2014ರಲ್ಲಿ ಷರತ್ತಿನೊಂದಿಗೆ ಮರಳಿತು.

ಮೂರನೇ ಬಗೆಯ ಬಂದ್ ಪೂರ್ತಿ ನಿಷೇಧ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡು ಮರ್ಕ್ ಕಂಪನಿ 2004ರ ಸೆಪ್ಟೆಂಬರ್‌ನಲ್ಲಿ ರೋಫೆಕಾಕ್ಸಿಬ್ ಎಂಬ ನೋವಿನ ಗುಳಿಗೆಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು, ಡಿಸೆಂಬರ್‌ನಲ್ಲಿ ನಮ್ಮಲ್ಲೂ ನಿಷೇಧವಾಯಿತು. ಡೆಕ್ಸ್‌ಟ್ರೊಪ್ರೊಪಾಕ್ಸಿಫಿನ್ ಹೃದಯದ ಬಡಿತದ ಲಯ ಕೆಡಿಸುತ್ತದೆಂದು ಅಮೆರಿಕದಲ್ಲಿ 2010ರಲ್ಲಿ, ಇಲ್ಲಿ 2013ರಲ್ಲಿ ನಿಂತಿತು. ಹೀಗೆ ನಿಂತದ್ದನ್ನು ಯಾವ ಡಾಕ್ಟರೂ ಬರೆದುಕೊಡಲಾರರು, ಪರಿಚಯದ ಅಂಗಡಿಯವನೂ ಮಾರುವಂತಿಲ್ಲ. ಹೊರದೇಶದಿಂದ ಸ್ವಂತ ಬಳಕೆಗೆ ಔಷಧ ತರಿಸಲು 12ಎ ನಮೂನೆಯ ಅರ್ಜಿ ಇದೆ ಎಂದು ಕೆಲವರು ಹೇಳುತ್ತಾರೆ. ಇರುವುದು ನಿಜ, ಆದರೆ ಅದು ಇಲ್ಲಿ ಸಿಗದ ಔಷಧವನ್ನು ಡಾಕ್ಟರ ಚೀಟಿಯ ಮೇಲೆ ಸ್ವಲ್ಪ ತರಿಸಿಕೊಳ್ಳಲು ಇರುವ ವ್ಯವಸ್ಥೆ. ಅಪಾಯಕಾರಿ ಎಂದು ನಿಲ್ಲಿಸಿದ್ದನ್ನು ಅದರ ಮೂಲಕ ತರಿಸುತ್ತೇನೆ ಎನ್ನುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸಂತೆಯ ಪುಡಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚೀಟಿ, ಹೆಸರು ಏನೂ ಇಲ್ಲದ ಪೊಟ್ಟಣದಲ್ಲಿ ‘ಜಡಿಬೂಟಿ’ ಎಂದು ಕೊಡುವ ಪುಡಿ ಎರಡೇ ದಿನದಲ್ಲಿ ನೋವು ಮಾಯ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಶಯವಿದೆ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಈಗಾಗಲೇ ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ಪೊಟ್ಟಣ ಹಿಡಿದು ಡಾಕ್ಟರ ಬಳಿ ಹೋಗಿ.

ಮೂರನೆಯದು: ಉಳಿದ ನಾಲ್ಕು ಗುಳಿಗೆಯನ್ನು ಮುರಿದು ಮುರಿದು ತಿನ್ನಬೇಡಿ. ಅಫೀಮಿನ ಜಾತಿಯ ಗುಳಿಗೆ ಬಹಳ ದಿನ ತಿಂದವರಿಗೆ ತಟ್ಟನೆ ಬಿಟ್ಟರೆ ಬೆವರು, ನಡುಕ, ಭೇದಿ, ನಿದ್ದೆಗೇಡು ಬರುತ್ತದೆ. ಇಳಿಸುವ ಲೆಕ್ಕ ಡಾಕ್ಟರು ಹಾಕಿಕೊಡಬೇಕು.

ನಾಲ್ಕನೆಯದರಲ್ಲೇ ಹತ್ತರಲ್ಲಿ ಒಂಬತ್ತು ಮಂದಿ ಸೋಲುತ್ತಾರೆ: ಡಾಕ್ಟರ ಮುಂದೆ ಮಾತಾಡುವುದು. ಜನ ತುಂಬಿದ ಓಪಿಡಿಯಲ್ಲಿ ‘ಹೆಂಗದ ಯವ್ವಾ?’ ಎಂದರೆ ‘ಭಾಳ ನೋವದರಿ, ಆ ಹಳೇ ಗುಳಗಿನೇ ಬರೀರಿ’ ಎನ್ನುತ್ತಾರೆ. ಅದು ಬಂದ್ ಎಂದು ಡಾಕ್ಟರು ಹೇಳುತ್ತಾರೆ, ಇನ್ನೊಂದು ಬರೆಯುತ್ತಾರೆ, ಮಾತು ಮುಗಿಯಿತು. ಗುಳಿಗೆಯ ಹೆಸರು ಕೇಳಬೇಡಿ. ಆ ಗುಳಿಗೆ ನಿಮಗೆ ಏನು ಮಾಡಿಕೊಡುತ್ತಿತ್ತು ಅದನ್ನು ಕೇಳಿ.

ಅದಕ್ಕಾಗಿ ಮನೆಯಲ್ಲೇ ಒಂದು ಹಾಳೆ ಬರೆದುಕೊಳ್ಳಿ. ಮೇಲಿನ ಸಾಲಿನಲ್ಲಿ ಕೆಲಸ: ‘ಗುಳಗಿ ಇದ್ದಾಗ ಬೋರ್‌ವೆಲ್‌ನಿಂದ ಎರಡು ಕೊಡ ನೀರು ತರ್ತಿದ್ದೆ, ಈಗ ಒಂದೂ ಆಗಲ್ಲ’, ‘ರಾತ್ರಿ ಎರಡಕ್ಕೆ ಎಚ್ಚರಾಗ್ತದ, ಮತ್ತ ನಿದ್ದಿ ಹತ್ತಲ್ಲ’. ಇದು ‘ಭಾಳ ನೋವು’ ಎನ್ನುವುದಕ್ಕಿಂತ ಹತ್ತು ಪಟ್ಟು ಉಪಯೋಗಕ್ಕೆ ಬರುತ್ತದೆ. ಆಮೇಲೆ ನೋವಿನ ಜಾತಿ. ಬಾಗಿದಾಗ ಹಿಡಿಯುತ್ತದೆಯೇ, ಬೆಳಿಗ್ಗೆ ಕೀಲು ಬಿಗಿದಿರುತ್ತದೆಯೇ, ನಡದಿಂದ ಕಾಲಿಗೆ ಇಳಿದು ಬೆಂಕಿಯಂತೆ ಉರಿಯುತ್ತದೆಯೇ, ಪಾದ ಜುಮ್ಮೆನ್ನುತ್ತದೆಯೇ. ಉರಿ ಮತ್ತು ಜುಮ್ಮು ನರದ ನೋವಿನ ಗುರುತು. ಅದಕ್ಕೆ ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಡುಲಾಕ್ಸೆಟಿನ್‌ನಂಥ ಬೇರೆಯೇ ಗುಳಿಗೆಗಳಿವೆ, ಸಾಮಾನ್ಯ ನೋವಿನ ಗುಳಿಗೆ ಅಲ್ಲಿ ಅಷ್ಟು ನಾಟುವುದಿಲ್ಲ. ಇದನ್ನು ನೀವು ಹೇಳದೆ ಡಾಕ್ಟರಿಗೆ ತಿಳಿಯುವುದು ಕಷ್ಟ.

ಮುಂದೆ, ಹಿಂದೆ ತಿಂದದ್ದರ ಲೆಕ್ಕ: ಯಾವುದು, ದಿನಕ್ಕೆ ಎಷ್ಟು, ಎಷ್ಟು ವಾರ, ಏಕೆ ಬಿಟ್ಟಿರಿ. ‘ಎರಡು ದಿನ ತಿಂದೆ, ಹತ್ತಲಿಲ್ಲ’ ಎನ್ನುವುದು ಲೆಕ್ಕವಲ್ಲ. ನರದ ನೋವಿನ ಗುಳಿಗೆ ಹಿಡಿತಕ್ಕೆ ಬರಲು ಕೆಲವು ವಾರ ಬೇಕು. ಕೊನೆಗೆ ಬಿ.ಪಿ., ಸಕ್ಕರೆ, ರಕ್ತ ತೆಳುವಾಗಿಸುವ ಗುಳಿಗೆ, ಹಳೆಯ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಬರೆಯಿರಿ. ಕುಡಿತವಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಮನೆಯ ಎಲ್ಲ ಗುಳಿಗೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೂರು ಬಗೆಯ ಸ್ಟ್ರಿಪ್‌ನಲ್ಲೂ ಪ್ಯಾರಾಸಿಟಮಾಲ್ ಅಡಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಅದರ ಕೊನೆಯ ಗೆರೆ, ಮುಪ್ಪಾದವರಿಗೆ ಮತ್ತು ಲಿವರ್ ಕೆಟ್ಟವರಿಗೆ ಇನ್ನೂ ಕಡಿಮೆ.

ಹಾಳೆ ಓದಿಸಿದ ಮೇಲೆ ಕೇಳಬೇಕಾದದ್ದು ಎರಡೇ: ‘ಈ ಹೊಸಾ ಗುಳಗಿ ಎಷ್ಟು ದಿನಾ ನೋಡ್ಬೇಕ್ರಿ? ಹತ್ತಲಿಲ್ಲಂದ್ರ ಮುಂದ ಏನು?’ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.

ಐದನೆಯದು: ಎಲ್ಲಿಗೆ ಹೋಗಬೇಕು? ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ: ಕಲಬುರಗಿಯವರಿಗೆ ಜಿಮ್ಸ್, ಬೀದರಿಗೆ ಬ್ರಿಮ್ಸ್, ಯಾದಗಿರಿಗೆ ಯಿಮ್ಸ್. ಕ್ಯಾನ್ಸರ್ ನೋವಾದರೆ ದಾರಿ ಬೇರೆ: ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಹೋಗಿ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧದ ಬಗ್ಗೆ ನೇರವಾಗಿ ಕೇಳಿ. ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಕೊಡುವುದು ಸುಲಭವಾಗಲೆಂದೇ 2014ರಲ್ಲಿ ಮಾದಕವಸ್ತು ಕಾಯ್ದೆಯನ್ನು ತಿದ್ದಿದ್ದಾರೆ. ಅದನ್ನು ಕೇಳಲು ನಾಚಿಕೆಪಟ್ಟು ನರಳುವುದು ನನಗೆ ಸಹಿಸಲಾಗದ ಸಂಗತಿ.

ಆರನೆಯದು: ಅಫೀಮಿನ ಜಾತಿಯ ಟ್ರಮಡಾಲ್ ಬರೆದುಕೊಟ್ಟರೆ ಮೂಲ ಚೀಟಿಯನ್ನೇ ಒಯ್ಯಿರಿ, ಅಂಗಡಿಯವರು ನಿಮ್ಮ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಅದು ನಿಯಮ, ಅವಮಾನವಲ್ಲ.

ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಜಾತಿಯವು ಬಂದರೆ ನಮ್ಮ ಬಿಸಿಲನ್ನು ನೆನಪಿಡಿ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ, ಮೈಯ ನೀರು ಆರಿದಾಗ, ಇವು ಕಿಡ್ನಿಗೆ ನೇರ ಏಟು ಕೊಡುತ್ತವೆ. ಬಿ.ಪಿ. ಗುಳಿಗೆ ತಿನ್ನುವವರಿಗೆ ಅಪಾಯ ಇನ್ನೂ ಹೆಚ್ಚು. ಮಣಕಾಲು ಒಂದೇ ನೋಯುತ್ತಿದ್ದರೆ ನಾನು ಮೊದಲು ಡೈಕ್ಲೊಫೆನಾಕ್ ಜೆಲ್ ಕೇಳಿ ಎನ್ನುತ್ತೇನೆ, ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಜೊತೆಗೆ ತೊಡೆಯ ವ್ಯಾಯಾಮವನ್ನು ಫಿಸಿಯೋಥೆರಪಿಯಲ್ಲಿ ಕಲಿತು ಬನ್ನಿ.

ಹೊಸ ಗುಳಿಗೆಯಿಂದ ಮೈಮೇಲೆ ದದ್ದು, ಕಪ್ಪು ಮಲ, ಕಾಲು ಬಾವು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಆಮೇಲೆ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ದಾಖಲಿಸಿ. ಔಷಧಗಳ ಅಡ್ಡಪರಿಣಾಮ ಗಮನಿಸುವ ರಾಷ್ಟ್ರೀಯ ವ್ಯವಸ್ಥೆಯ ಸಂಖ್ಯೆ ಅದು, ರೋಗಿಗಳೂ ಕರೆ ಮಾಡಬಹುದು.

ಮತ್ತೆ, ಡಬ್ಬಿಯ ತಳದಲ್ಲಿ ‘ಬೇಕಾದೀತು’ ಎಂದು ಎತ್ತಿಟ್ಟ ಆ ಹಳೆಯ ಗುಳಿಗೆ ಇದೆಯಲ್ಲ, ಅದನ್ನು ಇಂದೇ ತೆಗೆದು ಡಾಕ್ಟರಿಗೆ ತೋರಿಸುವ ಚೀಲಕ್ಕೆ ಹಾಕಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅಲ್ಲಿಯವರೆಗೆ ಚೀಲವನ್ನು ಅಟ್ಟದ ಮೇಲಿಡಿ.