ರಾತ್ರಿಯ ಸದ್ದಿನಲ್ಲಿ ವಿಮಾನದ ಪಾಲನ್ನು ಬೇರ್ಪಡಿಸಿದ್ದು

ಅಗ್ಗದ ಶಬ್ದಮಾಪಕದಿಂದ ವಿಮಾನದ ಸದ್ದನ್ನಷ್ಟೇ ಬೇರ್ಪಡಿಸಿ ಲೆಕ್ಕ ಹಾಕುವುದು ಆಗದ ಕೆಲಸವೆಂದು ಅಳತೆಯಲ್ಲಿ ಪಳಗಿದವರೇ ನನಗೆ ಹೇಳಿದ್ದರು. ಕಳೆದ ಮಳೆಗಾಲದಲ್ಲಿ ನಮ್ಮೂರಿಗೆ ಹದಿನೈದು ದಿನ ಅಧಿಕೃತ ಮಾಪಕವನ್ನು ತಂದಿಟ್ಟಾಗ, ಅದರ ಅಂಕಿಗೂ ನನ್ನ ಅಂಕಿಗೂ ಇದ್ದ ಅಂತರ ಒಂದು ಡೆಸಿಬಲ್‌ನ ಆಸುಪಾಸು.

ನನ್ನ ಮನೆ ಬೆಂಗಳೂರು ವಿಮಾನ ನಿಲ್ದಾಣದ ರನ್‌ವೇ ತುದಿಯಿಂದ ಪೂರ್ವಕ್ಕೆ ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ. ಆಷಾಢದ ಪಡುವಣ ಗಾಳಿಯಲ್ಲಿ ಆ ರನ್‌ವೇಗೆ ಇಳಿಯುವ ವಿಮಾನಗಳು ನಮ್ಮ ತಾರಸಿಯ ಮೇಲೆ 900 ಅಡಿ ಎತ್ತರದಲ್ಲಿ ಹಾಯುತ್ತವೆ. ವಿಮಾನಗಳು ಬಿತ್ತರಿಸುವ ಸಂಕೇತವನ್ನು ಹಿಡಿಯುವ ನನ್ನ ರಿಸೀವರ್ ಮಾತ್ರ 3,900 ಎಂದು ತೋರಿಸುತ್ತದೆ. ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿರುವುದನ್ನು ಗಮನಿಸದೆ ಮೊದಲ ವಾರದ ಲೆಕ್ಕವೆಲ್ಲ ಹಾಳಾಯಿತು.

ಒಟ್ಟು ಖರ್ಚು ಇಪ್ಪತ್ತು ಸಾವಿರದ ಒಳಗೆ. ಅದರಲ್ಲಿ ಐದಾರು ಸಾವಿರ ಮಳೆನೀರು ಹೊಕ್ಕು ಕೆಟ್ಟ ಮೊದಲ ಮಾಪಕಕ್ಕೇ ಹೋಯಿತು. ಎರಡು ತಿಂಗಳ ಕಾಲ ಸದ್ದಿನ ಏರಿಕೆಗೂ ವಿಮಾನದ ಹಾಜರಿಗೂ ತಾಳೆಯಾಗಲೇ ಇಲ್ಲ. ಮಾಪಕದ ಗಡಿಯಾರ ದಿನಕ್ಕೆ ಇಪ್ಪತ್ತು ಸೆಕೆಂಡಿನಂತೆ ಹಿಂದೆ ಬೀಳುತ್ತಿತ್ತು! ಅದನ್ನು ಸರಿಪಡಿಸುವಷ್ಟರಲ್ಲಿ ಕೆರೆ ತುಂಬಿ, ಕಪ್ಪೆಗಳ ವಟಗುಟ್ಟುವಿಕೆಯೇ ರಾತ್ರಿಯಿಡೀ 58 ಡೆಸಿಬಲ್ ತೋರಿಸತೊಡಗಿತು. ಕಪ್ಪೆಯ ಸದ್ದು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ವಿಮಾನದ್ದು ಅರ್ಧ ನಿಮಿಷದಲ್ಲಿ ಏರಿ ಇಳಿಯುತ್ತದೆ. ತಳಮಟ್ಟವನ್ನು ಕಳೆದರೆ ಉಳಿಯುವುದು ವಿಮಾನದ ಪಾಲು. ಆ ತಳಮಟ್ಟವನ್ನು ಆರಿಸುವ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಡುವೆ ಮಲಗುವ ಕೋಣೆಯ ಕಿಟಕಿ ಸಂದಿಗಳಿಗೆ 800 ರೂಪಾಯಿಯ ರಬ್ಬರ್ ಪಟ್ಟಿ ಅಂಟಿಸಿ ನೋಡಿದೆ. ಒಳಗಿನ ಸದ್ದು ನಾಲ್ಕೈದು ಡೆಸಿಬಲ್ ಇಳಿಯಿತು.

ಇಷ್ಟೆಲ್ಲ ಮಾಡಿದ್ದು 2018ರ ಕೇಂದ್ರ ಅಧಿಸೂಚನೆಗಾಗಿ. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಹಾರಾಟವಿರುವ ನಿಲ್ದಾಣಗಳ ಶಬ್ದವಲಯದಲ್ಲಿ ಅದು ಹಗಲಿಗೆ 70, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 65 ಡೆಸಿಬಲ್ ಸರಾಸರಿಯನ್ನು ಮಿತಿಯಾಗಿಟ್ಟಿದೆ. ನನ್ನ ಒಂದು ರಾತ್ರಿಯ ಲೆಕ್ಕ ಹೀಗಿದೆ: 60 ವಿಮಾನ, ಪ್ರತಿಯೊಂದರ ಎಸ್‌ಇಎಲ್ (ಒಂದು ಹಾರಾಟದ ಒಟ್ಟು ಸದ್ದನ್ನು ಒಂದೇ ಸೆಕೆಂಡಿಗೆ ಅಡಕಗೊಳಿಸಿದ ಮಟ್ಟ) ಸುಮಾರು 86, ಎಂಟು ಗಂಟೆಗೆ ಹರಡಿದರೆ ಸರಾಸರಿ 59. ಮಿತಿಯೊಳಗೇ ಇದೆ. ಆದರೆ ಎರಡೂಕಾಲಕ್ಕೆ ಸರಕು ವಿಮಾನ ಹಾದಾಗ ಮಾಪಕ 77 ತೋರಿಸಿತು, ತೊಟ್ಟಿಲಲ್ಲಿದ್ದ ಮೊಮ್ಮಗಳು ಬೆಚ್ಚಿ ಎದ್ದಳು. ಮೊದಲ ಮನವಿಯನ್ನು ಖಾಸಗಿ ಅಳತೆಯೆಂದು ಕಚೇರಿಯೊಂದು ಹಿಂತಿರುಗಿಸಿತ್ತು; ಈಗ ಅಧಿಕೃತ ಮಾಪಕದ ಮತ್ತು ನನ್ನ ಅಂಕಿಗಳೆರಡನ್ನೂ ಜೋಡಿಸಿ, ಸರಾಸರಿಯ ಪಕ್ಕದಲ್ಲಿ ರಾತ್ರಿ 70 ದಾಟಿದ ಹಾರಾಟಗಳ ಎಣಿಕೆಯನ್ನೂ ವರದಿಯಲ್ಲಿ ಸೇರಿಸಬೇಕೆಂದು ಬರೆದುಕೊಟ್ಟಿದ್ದೇನೆ. ಕಾರ್ತಿಕದಲ್ಲಿ ಗಾಳಿ ತಿರುಗಿ ಟೇಕಾಫ್ ನಮ್ಮ ಕಡೆಗೆ ಬಂದ ಮೇಲೆ ಅದರ ಅಳತೆಯನ್ನೂ ಕೊಡಲಿದ್ದೇನೆ.