ಡೈಲಾಗ್ ಕೊನೆಗೂ ಪರದೆ ತುಂಬಿತು: ನನ್ನ ಅನುಭವ

‘ಡೈಲಾಗ್ ಹಿಗ್ಗಿಸೋಕೆ ಹೋಗಬೇಡ, ಸುಮ್ನೆ ಹೊಸ ಆಕ್ಟಿವಿಟಿ ಬರೆದುಬಿಡು’ ಅಂತ ಜೊತೆಯ ಮೂವರು ಹೇಳಿದ್ದರು. ಡೈಲಾಗ್ ಅಂದರೆ ಆಪ್‌ನ ಸ್ಕ್ರೀನ್ ಮೇಲೆ ತೆರೆಯುವ ಚಿಕ್ಕ ಕಿಟಕಿ, ಆಕ್ಟಿವಿಟಿ ಅಂದರೆ ಆಪ್‌ನ ಒಂದು ಇಡೀ ಸ್ಕ್ರೀನ್. ನಾನು ಒಪ್ಪಲಿಲ್ಲ. ಈಗ ಡೈಲಾಗನ್ನು ಪರದೆ ತುಂಬಿಸುವ ನನ್ನ ಕೋಡ್ 7 ಆಪ್‌ಗಳಲ್ಲಿ ಓಡುತ್ತಿದೆ. ಹೆಚ್ಚೆಂದರೆ 40 ಸಾಲು ಇರಬಹುದು.

ಆಂಡ್ರಾಯ್ಡ್ ಆಪ್ ಒಂದರ ಫಿಲ್ಟರ್ ಸ್ಕ್ರೀನನ್ನು, ಡೈಲಾಗ್ ತೋರಿಸುವ ಸಿದ್ಧ ಘಟಕವಾದ ಡೈಲಾಗ್‌ಫ್ರಾಗ್ಮೆಂಟ್‌ನಲ್ಲಿ ಮಾಡಿದ್ದೆ. ಸುತ್ತಲೂ ಅಂಚು ಉಳಿದು ಹಿಂದಿನ ಸ್ಕ್ರೀನ್ ಇಣುಕುತ್ತಿತ್ತು. ಅದು ಹೋಗುವವರೆಗೆ ಕೊನೆಯ ಕಂತು ಕೊಡುವುದಿಲ್ಲ ಎಂದರು ಕೆಲಸ ಕೊಟ್ಟವರು. ಒಪ್ಪಿದ ಹಣದಲ್ಲಿ ಸುಮಾರು ಮೂರನೇ ಒಂದು ಭಾಗ ಅದು. ಮೂರು ವಾರ ಸಂಬಳವಿಲ್ಲದೆ ದುಡಿದ ಹಾಗಾಯಿತು.

ಸ್ಕ್ರೀನಿನ ಜೋಡಣೆ ಹೇಳುವ ಲೇಔಟ್‌ನಲ್ಲಿ ಎಲ್ಲ ಕಡೆ ಮ್ಯಾಚ್ ಪೇರೆಂಟ್ (ಹೊರಗಿನದರಷ್ಟೇ ಅಳತೆ) ಹಾಕಿದೆ. ಏನೂ ಆಗಲಿಲ್ಲ. ಡೈಲಾಗ್ ಹುಟ್ಟುವಾಗ ಓಡುವ ಆನ್‌ಕ್ರಿಯೇಟ್‌ಡೈಲಾಗ್ ಒಳಗೆ, ಡೈಲಾಗ್ ಕೂರುವ ವಿಂಡೋಗೆ ಸೆಟ್‌ಲೇಔಟ್‌ನಿಂದ ಅಳತೆ ಕೊಟ್ಟೆ. ಆಗಲೂ ಇಲ್ಲ. ಆಮೇಲೆ ಪರದೆಯ ಪಿಕ್ಸೆಲ್ ಅಳೆದು ನೇರವಾಗಿ ಅಂಕಿ ತುಂಬಿದೆ. ನನ್ನ ಫೋನಿನಲ್ಲಿ ಸೊಗಸಾಗಿ ಕಂಡಿತು. ಸ್ಪ್ಲಿಟ್ ಸ್ಕ್ರೀನ್ ಮಾಡಿದ ಕೂಡಲೇ ಅರ್ಧ ಸ್ಕ್ರೀನ್ ಹೊರಗೆ ಹೋಯಿತು. ಎರಡು ದಿನದ ಕೆಲಸ ಅಳಿಸಿ ಹಾಕಿದೆ.

ಕೊನೆಗೆ ಆಂಡ್ರಾಯ್ಡ್‌ನ ಸೋರ್ಸ್ ಕೋಡನ್ನೇ ತೆರೆದು ಓದಿದೆ. ಆಪ್‌ನ ರೂಪ ಹೇಳುವ ಥೀಮ್‌ನಲ್ಲಿ ವಿಂಡೋ ಫ್ಲೋಟಿಂಗ್ (ತೇಲುವಂಥದ್ದು) ಆಗಿದ್ದರೆ, ಒಳಗಿನ ವ್ಯೂ (ಕಾಣುವ ಭಾಗ) ಕೂರಿಸುವಾಗ ಅದು ತನ್ನ ಅಳತೆಯನ್ನು ತಾನೇ ವ್ರ್ಯಾಪ್ ಕಂಟೆಂಟ್‌ಗೆ, ಅಂದರೆ ಒಳಗಿರುವುದರಷ್ಟೇ ಅಳತೆಗೆ ಮರಳಿಸುತ್ತದೆ. ಅಂದರೆ ನಾನು ಮೊದಲೇ ಕೊಟ್ಟ ಅಳತೆ ಅಲ್ಲೇ ಅಳಿಸಿಹೋಗುತ್ತಿತ್ತು. ಅದೇ ಸಾಲನ್ನು ಡೈಲಾಗ್ ತೋರುವ ಹೊತ್ತಿಗೆ ಓಡುವ ಆನ್‌ಸ್ಟಾರ್ಟ್‌ಗೆ, ಸೂಪರ್ (ಆಂಡ್ರಾಯ್ಡ್‌ನ ಮೂಲ ಕೋಡ್) ಕರೆದ ನಂತರಕ್ಕೆ ಸರಿಸಿದೆ. ಡೈಲಾಗ್ ಹಿಗ್ಗಿತು. ಒಂದು ಸಾಲಿನ ಜಾಗ ಬದಲಿಸಲು 9 ದಿನ ಹಿಡಿದಿತ್ತು.

ಆದರೂ ಸುತ್ತ ತೆಳುವಾದ ಅಂಚು ಉಳಿಯಿತು. ಯಾವ ಪದರದ್ದು ಅಂತ ನೋಡಲು ಒಂದೊಂದಕ್ಕೂ ಬೇರೆ ಬಣ್ಣ ಬಳಿಯುತ್ತಾ ಬಂದೆ. ಪಟ್ಟಿಗೆ ಹಳದಿ, ಅದರ ಹೊರಗಿನ ಲೇಔಟ್‌ಗೆ ಹಸಿರು. ವಿಂಡೋ ಹಿನ್ನೆಲೆಗೆ ಕೆಂಪು ಹಾಕಿದ ಕೂಡಲೇ ಅಂಚೇ ಮಾಯ! ಥೀಮ್ ಕೊಡುವ ಹಿನ್ನೆಲೆ ಒಂದು ಇನ್‌ಸೆಟ್ ಡ್ರಾಯಬಲ್ (ಅಂಚು ಬಿಟ್ಟು ಬಿಡಿಸುವ ಚಿತ್ರ), ಅದರ ಸುತ್ತ 16 ಡಿಪಿ (ಆಂಡ್ರಾಯ್ಡ್‌ನ ಪರದೆ ಅಳತೆ) ಖಾಲಿ ಜಾಗ ಇರುತ್ತದೆ. ಬರೀ ಬಣ್ಣಕ್ಕೆ ಆ ಖಾಲಿ ಜಾಗ ಇಲ್ಲ, ಅಷ್ಟೇ. ಪಾರದರ್ಶಕ ಬಣ್ಣ ಕೊಟ್ಟರೂ ಸಾಕು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಗಳಿಗೆ ಅದು.

ಥೀಮ್‌ನಲ್ಲಿ ಫ್ಲೋಟಿಂಗನ್ನೇ ತೆಗೆದುಹಾಕುವ ದಾರಿಯೂ ಇದೆ. ಎರಡು ಆಪ್‌ಗಳಲ್ಲಿ ಹಾಗೆ ಮಾಡಿದೆ, ಸರಿಯಾಗಿಯೇ ನಡೆಯುತ್ತಿದೆ. ಆದರೆ ಟ್ಯಾಬ್ಲೆಟ್‌ನಲ್ಲಿ ಅದೇ ಡೈಲಾಗ್ ಚಿಕ್ಕದಾಗಿ ನಡುವೆ ನಿಲ್ಲಬೇಕು ಅಲ್ವಾ? ಅದಕ್ಕೇ ನನಗೆ ಮೊದಲಿನ ದಾರಿ ಇಷ್ಟ. 600 ಡಿಪಿಗಿಂತ ಅಗಲವಿದ್ದರೆ ಹಿಗ್ಗಿಸುವ ಸಾಲನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಆಮೇಲೆ ಆಂಡ್ರಾಯ್ಡ್ 15 ಬಂತು. ಟಾರ್ಗೆಟ್ 35 (ಆಪ್ ಆಂಡ್ರಾಯ್ಡ್ 15ಕ್ಕೆ ಹೊಂದಿಸಿದೆ ಎಂಬ ಗುರುತು) ಮಾಡಿದ ದಿನವೇ ಮಾಮೂಲಿ ಸ್ಕ್ರೀನ್‌ಗಳು ಕೇಳದೆಯೇ ಅಂಚಿನಿಂದ ಅಂಚಿಗೆ ಹರಡಿದವು. ಸೇವ್ ಬಟನ್ ಕೆಳಗಿನ ನ್ಯಾವಿಗೇಶನ್ ಬಾರ್ ಅಡಿಗೆ ಹೋಯಿತು. ಇದನ್ನು ನಿಲ್ಲಿಸಲು ಥೀಮ್‌ನಲ್ಲಿ ಒಂದು ಸಾಲು ಹಾಕಬಹುದು ಎಂದು ಗೆಳೆಯರು ಹೇಳಿದರು. ನಾನು ಹಾಕಲಿಲ್ಲ. ಟಾರ್ಗೆಟ್ 36 ಮಾಡಿದ ಆಪ್‌ಗೆ ಆಂಡ್ರಾಯ್ಡ್ 16ರಲ್ಲಿ ಆ ಸಾಲು ನಡೆಯುವುದೇ ಇಲ್ಲ. ಬಾರ್‌ಗಳು ಆವರಿಸುವ ಜಾಗದ ಅಳತೆ (ಇನ್‌ಸೆಟ್) ತಿಳಿದುಕೊಂಡು ಕೆಳಗಿನ ಬಟನ್ ಪಟ್ಟಿಗೆ ಮಾತ್ರ ಪ್ಯಾಡಿಂಗ್ (ಒಳ ಅಂಚು) ಕೊಟ್ಟೆ. ಮೇಲಿನ ಲಿಸ್ಟ್ ಬಾರ್ ಅಡಿಯಲ್ಲೇ ಹರಿಯಲಿ ಅಂತ ಬಿಟ್ಟೆ.

ಐಫೋನ್‌ನಲ್ಲಿ ಇಷ್ಟು ಕಷ್ಟವಿಲ್ಲ. 2019ರ ಐಒಎಸ್ 13ರಿಂದ ಮೋಡಲ್ (ಇನ್ನೊಂದರ ಮೇಲೆ ತೆರೆಯುವ ಸ್ಕ್ರೀನ್) ಕಾರ್ಡಿನ ಹಾಗೆ ಬರುತ್ತದೆ. ತೋರಿಸುವ ಮೊದಲು ಪ್ರೆಸೆಂಟೇಶನ್ ಸ್ಟೈಲನ್ನು ಫುಲ್‌ಸ್ಕ್ರೀನ್ ಮಾಡಿದರೆ ಮುಗಿಯಿತು. ಆಂಡ್ರಾಯ್ಡ್ ಸ್ಕ್ರೀನ್ ಕಟ್ಟುವ ಇನ್ನೊಂದು ಸಾಧನ ಕಂಪೋಸ್‌ನಲ್ಲೂ ಪ್ಲಾಟ್‌ಫಾರ್ಮ್‌ನ ಡೀಫಾಲ್ಟ್ ಅಗಲ ಬೇಡ ಎಂದು ಹೇಳಿದ ಮೇಲೆಯೇ ಡೈಲಾಗ್ ಅಗಲಕ್ಕೆ ತುಂಬುತ್ತದೆ.

ಕೀಬೋರ್ಡ್ ಏಳುವಾಗ ಬಟನ್ ಒಂದಿಷ್ಟೂ ಜಿಗಿಯದೆ ಅದರ ಜೊತೆಗೇ ಏರುವಂತೆ ಮಾಡಿದ್ದೇನೆ. ಆ ಭಾಗ ಮಾತ್ರ ನನ್ನ ಬಳಿಯೇ ಇರಲಿ, ಹೊಸ ಕೆಲಸ ಬರುತ್ತಿರುವುದೇ ಅದರಿಂದ. ಕೊನೆಯ ಕಂತು ಬಂದ ವಾರವೇ ಆ ಮೂವರಲ್ಲಿ ಇಬ್ಬರು ನನ್ನ ಫೈಲ್ ಕೇಳಿ ಪಡೆದರು.