ಕಟ್ಟೆ ರೋಗದ ಕಾಗದ ಡೆಂಗಿ ಸೊಳ್ಳೆಗೂ ಒದಗಿದ ಬಗೆ

ಸೊಳ್ಳೆಯಲ್ಲಿ ಡೆಂಗಿ ವೈರಸ್ ಇದೆಯೇ ಎಂದು ನೋಡಲು ದ್ರವ ಸಾರಜನಕವೂ ಬೇಡ, ಮೈನಸ್ 80 ಡಿಗ್ರಿಯ ಫ್ರೀಜರೂ ಬೇಡ, ಹಿಡಿದ ಜಾಗದಲ್ಲೇ ಅದನ್ನು ಫಿಲ್ಟರ್ ಕಾಗದಕ್ಕೆ ಒತ್ತಿ ಒಣಗಿಸಿ ತಂದರೆ ಸಾಕು ಎಂದು ನಾನು ಹೇಳಿದಾಗ, ಕೀಟಶಾಸ್ತ್ರದ ಗೆಳೆಯರೂ ವೈದ್ಯಕೀಯ ವೈರಾಣು ತಜ್ಞರೂ ಅದು ಆಗುವ ಮಾತಲ್ಲ ಎಂದಿದ್ದರು. ಗಿಡದ ವೈರಸ್ಸಿನ ವಿಧಾನ ಪ್ರಾಣಿ ವೈರಸ್ಸಿಗೆ ಒಗ್ಗದು ಎಂಬ ಷರಾದೊಂದಿಗೆ ನನ್ನ ಅನುದಾನದ ಅರ್ಜಿಯೂ ಮರಳಿ ಬಂದಿತ್ತು. ಈಗ ವಿಧಾನ ಕೈಗೂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೂಲ ಕೆಲಸ ವೈರಸ್ಸಿನಿಂದ ಬರುವ ಏಲಕ್ಕಿಯ ಕಟ್ಟೆ ರೋಗದ ಮೇಲಿನದು. ಸಕಲೇಶಪುರ, ಮಡಿಕೇರಿ ಕಡೆಯ ತೋಟಗಳಿಂದ ಹಸಿಯಾಗಿ ತಂದ ಎಲೆಗಳು ಬೆಂಗಳೂರು ಮುಟ್ಟುವಷ್ಟರಲ್ಲಿ ಕಪ್ಪಾಗಿ, ಎಲೆಯಲ್ಲಿನ ಪಾಲಿಫಿನಾಲು ಎಂಬ ರಾಸಾಯನಿಕಗಳ ಕಾಟದಿಂದ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಕೈಗೆ ಸಿಗುತ್ತಿರಲಿಲ್ಲ. ಹೀಗಾಗಿ ಎಲೆಯ ರಸವನ್ನೂ ರೋಗ ಹರಡುವ ಗಿಡಹೇನುಗಳನ್ನೂ ತೋಟದಲ್ಲೇ ಕಾಗದಕ್ಕೆ ಒತ್ತಿ ತರುವ ರೂಢಿ ಬೆಳೆಯಿತು. ಗಿಡಹೇನಿನ ಬಾಯಿಯ ಭಾಗಕ್ಕೆ ಅಂಟಿಕೊಂಡ ಅತ್ಯಲ್ಪ ವೈರಸ್ಸೇ ಕಾಗದದಲ್ಲಿ ಸಿಗುವುದಾದರೆ, ಸೊಳ್ಳೆಯ ಮೈಯೊಳಗೆ ವೃದ್ಧಿಯಾಗಿ ಜೊಲ್ಲುಗ್ರಂಥಿಯವರೆಗೆ ತುಂಬಿಕೊಳ್ಳುವ ಡೆಂಗಿ ಏಕೆ ಸಿಗಬಾರದು ಎಂಬುದಷ್ಟೇ ನನ್ನ ವಾದವಾಗಿತ್ತು.

ಮೊದಲ ಪೆಟ್ಟು ಕೊಟ್ಟದ್ದು ಮಳೆ. ಪುತ್ತೂರು, ಸುಳ್ಯ ಭಾಗದ ಅಡಿಕೆ ಮತ್ತು ರಬ್ಬರ್ ತೋಟಗಳಲ್ಲಿ ಬಿದ್ದ ಹಾಳೆಗಳಲ್ಲೂ ರಬ್ಬರ್ ಹಾಲಿಗೆ ಕಟ್ಟಿದ ಗೆರಟೆಗಳಲ್ಲೂ ನೀರು ನಿಂತು ಡೆಂಗಿ ಹರಡುವ ಈಡಿಸ್ ಆಲ್ಬೋಪಿಕ್ಟಸ್ ಸೊಳ್ಳೆ ಹುಲುಸಾಗಿ ಬೆಳೆಯುತ್ತದೆ. ಸೊಳ್ಳೆಗೆ ಕೊರತೆ ಇರಲಿಲ್ಲ. ಆದರೆ ಜುಲೈ ತಿಂಗಳ ತೇವಕ್ಕೆ ಕಾಗದ ಒಣಗಲೇ ಇಲ್ಲ. ತೇವ ಹೀರುವ ಸಿಲಿಕಾ ಜೆಲ್ ಸಂಜೆಯೊಳಗೆ ಬಣ್ಣ ಬದಲಿಸುತ್ತಿತ್ತು, ವಾರ ಕಳೆಯುವಷ್ಟರಲ್ಲಿ ಕಾಗದದ ಮೇಲೆ ಬೂದುಬಣ್ಣದ ಬೂಷ್ಟು ಹಬ್ಬುತ್ತಿತ್ತು. ಆ ಹಂಗಾಮಿನ ಹೆಚ್ಚುಕಡಿಮೆ ಎಲ್ಲ ಮಾದರಿಗಳೂ ಹಾಳಾದವು, ಸ್ವಂತ ಜೇಬಿನಿಂದ ಹಾಕಿದ ಸುಮಾರು 60 ಸಾವಿರ ರೂಪಾಯಿಯೂ ಅದರೊಂದಿಗೇ ಹೋಯಿತು. ಕೊನೆಗೆ ಕಾಗದಗಳನ್ನು ಜೀಪಿನ ಹೀಟರಿನ ಗಾಳಿಗೆ ಹಿಡಿದು ಗರಿಗರಿಯಾಗಿ ಒಣಗಿಸಿ, ಆ ಬಳಿಕವೇ ಜಿಪ್ ಚೀಲಕ್ಕೆ ಹಾಕುವ ಕ್ರಮದಿಂದ ಈ ತೊಂದರೆ ನೀಗಿತು. ಅದಕ್ಕೂ ಮೊದಲು ಕಾಗದವನ್ನು ಒಂದು ದ್ರಾವಣದಲ್ಲಿ ಅದ್ದಿಟ್ಟಿರುತ್ತೇನೆ. ಅದರಲ್ಲಿ ಆರ್‌ಎನ್‌ಎ ಕೆಡದಂತೆ ಕಾಯುವ ಗ್ವಾನಿಡಿನ್ ಎಂಬ ರಾಸಾಯನಿಕ ಇದೆ ಎಂಬುದನ್ನು ಈ ಕೆಲಸ ಬಲ್ಲ ಓದುಗರು ಊಹಿಸಿಯೇ ಇರುತ್ತಾರೆ. ಉಳಿದ ಎರಡು ವಸ್ತುಗಳನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ.

ಎರಡನೆಯ ತೊಡಕು ಸೊಳ್ಳೆಯ ಕಣ್ಣು. ಇಡೀ ಸೊಳ್ಳೆಯನ್ನು ಒತ್ತಿದಾಗ ಕಣ್ಣಿನ ವರ್ಣದ್ರವ್ಯವೂ ಕಾಗದಕ್ಕೆ ಇಳಿದು ವೈರಸ್ಸಿನ ತುಣುಕನ್ನು ಹೆಚ್ಚಿಸಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯನ್ನೇ ತಡೆಯುತ್ತಿತ್ತು. ವೈರಸ್ ಬೆರೆಸಿದ ಮಾದರಿಯೂ ಋಣಾತ್ಮಕವೆಂದೇ ಬರುತ್ತಿತ್ತು. ಸೂಜಿಯ ತುದಿಯಿಂದ ತಲೆಯನ್ನು ಬೇರ್ಪಡಿಸಿ, ಎದೆ ಮತ್ತು ಹೊಟ್ಟೆಯನ್ನಷ್ಟೇ ಗಾಜಿನ ಕಡ್ಡಿಯಿಂದ ಒತ್ತಿ, ಕಾಗದದಿಂದ ತೆಗೆದ ದ್ರವವನ್ನು ಹತ್ತು ಪಟ್ಟು ತೆಳುಮಾಡಿದ ಮೇಲೆ, ವೈರಸ್ ಎಷ್ಟಿದೆ ಎಂದು ಸೂಚಿಸುವ ಸಿಟಿ ಮೌಲ್ಯಗಳು ಸರಿಹೋದವು. ಹೊಟ್ಟೆ ಕೆಂಪಾಗಿರುವ, ಆಗತಾನೇ ರಕ್ತ ಹೀರಿದ ಸೊಳ್ಳೆಗಳನ್ನು ನಾನು ಬೇರೆಯಾಗಿಯೇ ಇಡುತ್ತೇನೆ. ರಕ್ತವೂ ಪಿಸಿಆರಿಗೆ ಅಡ್ಡಿ. ಮೇಲಾಗಿ, ಅಲ್ಲಿ ಸಿಕ್ಕುವ ವೈರಸ್ ಸೊಳ್ಳೆಯದೋ ರೋಗಿಯದೋ ಎಂದು ಹೇಳಲು ಬರುವುದಿಲ್ಲ. ಈ ಬೇರ್ಪಡಿಕೆಯನ್ನು ಮಾಡದ ವರದಿಗಳನ್ನು ನಾನು ನೆಚ್ಚುವುದಿಲ್ಲ.

ಅನುಮಾನಪಟ್ಟವರಿಗೆ ಉತ್ತರ ಕೊಡಲು ಒಂದೇ ಸೊಳ್ಳೆಯ ಹೊಟ್ಟೆಯನ್ನು ಕಾಗದಕ್ಕೂ ಎದೆಯನ್ನು ಫ್ರೀಜರಿಗೂ ಹಾಕಿ, ಗುರುತು ಮರೆಮಾಡಿ, ಒಂದು ವೈದ್ಯಕೀಯ ಕಾಲೇಜಿನ ಗೆಳೆಯರಿಂದ ಪರೀಕ್ಷೆ ಮಾಡಿಸಿದೆ. ಫ್ರೀಜರಿನಲ್ಲಿ ಧನಾತ್ಮಕವಾಗಿ ಬಂದ ಹತ್ತರಲ್ಲಿ ಒಂಬತ್ತರಷ್ಟು ಕಾಗದದಲ್ಲೂ ಧನಾತ್ಮಕವಾಗಿಯೇ ಬಂದವು. ಸಾರಜನಕ, ಸಾಗಣೆ, ಕಿಟ್ ಎಲ್ಲ ಸೇರಿ ಒಂದು ಮಾದರಿಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ಖರ್ಚು 150ರ ಹತ್ತಿರಕ್ಕೆ ಇಳಿಯಿತು. ಕಾಗದವನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಬಹುದಾದ್ದರಿಂದ ಸಾಗಣೆಯ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಮೇಲೆ, ಅಂದು ಆಗದೆಂದು ತಲೆಯಾಡಿಸಿದವರಲ್ಲಿ ಕೆಲವರು ತಾವಾಗಿಯೇ ಕಾಗದ ಕೇಳಿ ಪಡೆದರು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಜೇನು ಸವರಿದ ಕಾಗದದ ಮೇಲೆ ಸೊಳ್ಳೆ ಬಿಡುವ ಜೊಲ್ಲಿನಲ್ಲೇ ವೈರಸ್ ಹುಡುಕುವ ವಿಧಾನವನ್ನು ಆಸ್ಟ್ರೇಲಿಯಾದವರು ತೋರಿಸಿದ್ದಾರೆ. ಜೇನಿನ ಬದಲು ಜೋನಿಬೆಲ್ಲವನ್ನು ಸವರಿ, ಕುಡಿದವುಗಳ ಗುರುತಿಗೆಂದು ನೀಲಿ ಬಣ್ಣ ಬೆರೆಸಿದೆ. ಮರುದಿನ ಬಲೆಯೊಳಗಿನ ಸೊಳ್ಳೆಗಳ ಹೊಟ್ಟೆ ನೀಲಿಯಾಗಿದ್ದವು, ಆದರೆ ಬೆಲ್ಲದ ಕಾಗದಕ್ಕೆ ಇರುವೆ ಮುತ್ತಿ ಅರ್ಧವನ್ನು ತಿಂದುಹಾಕಿತ್ತು. ಬಲೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ ಮುಂದಿನ ಮಳೆಗಾಲದಲ್ಲಿ ಮತ್ತೆ ನೋಡುವುದಿದೆ.

ಕಾಗದದಿಂದ ಸಿಗುವುದು ಆರ್‌ಎನ್‌ಎಯ ಚಿಕ್ಕ ತುಣುಕುಗಳು. ನೂರೈವತ್ತು ಬೇಸ್‌ಗಳ ಆಸುಪಾಸಿನ ತುಣುಕನ್ನು ಹಿಡಿಯುವ ಪ್ರೈಮರ್ ಜೋಡಿಗಳು (ಪಿಸಿಆರಿನಲ್ಲಿ ತುಣುಕಿನ ಎರಡೂ ತುದಿ ಗುರುತಿಸುವ ಚಿಕ್ಕ ಎಳೆಗಳು) ಚೆನ್ನಾಗಿ ನಡೆಯುತ್ತವೆ, ಐನೂರು ದಾಟಿದರೆ ಕೈಕೊಡುತ್ತವೆ. ಪೂರ್ಣ ಜೀನೋಮ್ ಬೇಕೆನ್ನುವವರು ಫ್ರೀಜರನ್ನೇ ನಂಬಬೇಕು. ಡೆಂಗಿ ವೈರಸ್ಸಿನ ನಾಲ್ಕು ಬಗೆಗಳಲ್ಲಿ (ಸೀರೋಟೈಪ್) ಯಾವುದು ಎಂದು ತಿಳಿಯಲು ಮಾತ್ರ ಈ ತುಣುಕುಗಳು ಸಾಕಾಗುತ್ತವೆ.